ಅಪ್ಪನ ಗೀಟು, ಯಂತ್ರದ ಸುತ್ತು

ಮೊದಲೇ ಹೇಳಿಬಿಡುತ್ತೇನೆ, ಇದು ನಾನು ಗೆದ್ದ ಕಥೆ. ಎಲ್ಲರ ಸಹಕಾರದಿಂದ ಆಯಿತು, ನನ್ನದೇನೂ ಇಲ್ಲ ಎಂದು ತಲೆ ತಗ್ಗಿಸಿ ಹೇಳುವ ಅಭ್ಯಾಸ ನನಗಿಲ್ಲ. ಸಹಕಾರ ಕೊಟ್ಟವರು ಇಬ್ಬರೇ. ಅವರಲ್ಲಿ ಒಬ್ಬರಿಗೆ ತಾವು ಸಹಕಾರ ಕೊಡುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ.

ಬಂಗಾರಪೇಟೆಯ ಹೊರಗೆ ಒಂದು ಸಣ್ಣ ಹಾಲಿನ ಘಟಕವಿದೆ. ಸುತ್ತಲ ಹಳ್ಳಿಗಳ ಹಾಲು ಅಲ್ಲಿಗೆ ಬಂದು, ಕಾದು, ತಣಿದು, ಪ್ಯಾಕೆಟ್ಟಾಗಿ ಹೊರಬೀಳುತ್ತದೆ. ನಾನು ಅಲ್ಲಿಗೆ ಸೇರಿದ್ದು ಪ್ಯಾಕಿಂಗ್ ಮೇಜಿಗೆ. ಯಂತ್ರ ಉದುರಿಸಿದ ಪ್ಯಾಕೆಟ್ಟುಗಳನ್ನು ಕ್ರೇಟಿಗೆ ತುಂಬುವುದು, ಸೋರಿದ್ದನ್ನು ಬದಿಗಿಡುವುದು. ಕೆ.ಜಿ.ಎಫ್.ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೆ ಎಂಬುದು ನನ್ನ ಅರ್ಜಿಯಲ್ಲಿ ಒಂದು ಸಾಲಾಗಿತ್ತು, ಅದನ್ನು ಯಾರೂ ಓದಿರಲಿಲ್ಲ. ಯಂತ್ರ ಕೆಟ್ಟು, ಮೆಕ್ಯಾನಿಕ್ಕು ಬಾರದೆ, ಹಾಲು ಟ್ಯಾಂಕಿನಲ್ಲಿ ಕಾಯುತ್ತಿದ್ದ ಒಂದು ಬೆಳಿಗ್ಗೆ ನನಗೆ ತಡೆಯಲಾಗದೆ ಕಂಟ್ರೋಲ್ ಪ್ಯಾನೆಲ್ಲಿನ ಬಾಗಿಲು ತೆಗೆದು ಸಡಿಲವಾಗಿದ್ದ ತಂತಿ ಬಿಗಿದೆ. ಆ ದಿನದಿಂದ ಕೆಟ್ಟಾಗೆಲ್ಲ ನನ್ನನ್ನು ಕರೆಯತೊಡಗಿದರು. ಆಮೇಲೆ ಮೇಜು ಬಿಡಿಸಿ ಮೇಂಟೆನೆನ್ಸಿಗೆ ಹಾಕಿದರು. ಯಂತ್ರದ ಹಳೆಯ ನಿಯಂತ್ರಣ ಪೂರ್ತಿ ಕೈಕೊಟ್ಟಾಗ ಒಂದು ಸಣ್ಣ ಪಿ.ಎಲ್.ಸಿ., ಅಂದರೆ ಯಂತ್ರ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ತರಿಸಿ, ಅದರ ಪ್ರೋಗ್ರಾಮನ್ನು ನಾನೇ ಬರೆದೆ. ಪ್ಯಾನೆಲ್ಲಿನ ಕೀಲಿಕೈ ನನ್ನ ಕೈಗೆ ಬಂತು. ಅದನ್ನು ದುಪಟ್ಟಾದ ಪಿನ್ನಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಬೇರೆಯವರು ಬಂಗಾರ ಹಾಕಿಕೊಂಡಾಗ ಹೇಗೆ ನಡೆಯುತ್ತಾರೋ ಹಾಗೆ ನಡೆಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ಪೆಟ್ಟಿಗೆ ಮಾಡುವ ಕೆಲಸ ಬಲು ಸರಳ. ಎಲ್ಲ ಸೆನ್ಸರುಗಳನ್ನು ಒಂದು ಸಲ ನೋಡುತ್ತದೆ. ನಾವು ಬರೆದ ಪ್ರೋಗ್ರಾಮನ್ನು ಮೇಲಿಂದ ಕೆಳಕ್ಕೆ ಓದುತ್ತದೆ. ಕೊನೆಗೆ ಮೋಟಾರಿಗೆ, ವಾಲ್ವಿಗೆ, ಪ್ಯಾಕೆಟ್ಟನ್ನು ಕಚ್ಚಿ ಅಂಟಿಸುವ ಬಿಸಿ ದವಡೆಗೆ ಏನೇನು ಹೇಳಬೇಕೋ ಹೇಳುತ್ತದೆ. ಮತ್ತೆ ಮೊದಲಿನಿಂದ. ಒಂದು ಸುತ್ತಿಗೆ ಹಿಡಿಯುವ ಹೊತ್ತಿಗೆ ಸೈಕಲ್ ಟೈಮ್ ಅನ್ನುತ್ತೇವೆ. ನಮ್ಮದು ಎಂಟು ಮಿಲಿಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸುತ್ತು. ಆದರೆ ಕೆಲವು ಸೆನ್ಸರುಗಳಿಗೆ ಸುತ್ತು ಮುಗಿಯುವವರೆಗೂ ಕಾಯುವ ತಾಳ್ಮೆ ಇರುವುದಿಲ್ಲ. ಅಂಥವಕ್ಕೆ ನಡುವೆಯೇ ಕೂಗುವ ಹಕ್ಕು ಕೊಡಬಹುದು. ಅವು ಕೂಗಿದರೆ ಪೆಟ್ಟಿಗೆ ಓದುತ್ತಿದ್ದದ್ದನ್ನು ಅಲ್ಲಿಗೇ ನಿಲ್ಲಿಸಿ, ಅವುಗಳ ಕೆಲಸ ಮಾಡಿಕೊಟ್ಟು, ಬಿಟ್ಟ ಸಾಲಿಗೆ ವಾಪಸು ಬರಬೇಕು. ಇದಕ್ಕೆ ಇಂಟರಪ್ಟ್ ಎಂದು ಹೆಸರು.

ನಾನು ನಾಲ್ಕು ಸೆನ್ಸರುಗಳಿಗೆ ಆ ಹಕ್ಕು ಕೊಟ್ಟಿದ್ದೆ. ಪ್ಲಾಸ್ಟಿಕ್ ಫಿಲ್ಮಿನ ಮೇಲಿನ ಕಪ್ಪು ಗುರುತನ್ನು ನೋಡುವ ಕಣ್ಣಿಗೆ, ಹಾಲು ಅಳೆಯುವ ಮೀಟರಿಗೆ, ದಿನಾಂಕ ಒತ್ತುವ ಯಂತ್ರಕ್ಕೆ, ದವಡೆಯಲ್ಲಿ ಪ್ಯಾಕೆಟ್ ಸಿಕ್ಕಿಬಿದ್ದರೆ ತಿಳಿಸುವ ಸೆನ್ಸರಿಗೆ. ಯಾವುದು ಕೂಗಿದರೂ ಅದರ ಕೆಲಸವನ್ನು ಆಗಲೇ, ಪೂರ್ತಿ, ಲೆಕ್ಕಾಚಾರ ಸಮೇತ ಮುಗಿಸಿ ಬಾ ಎಂದು ಬರೆದಿದ್ದೆ. ಕರೆದವರನ್ನು ಕಾಯಿಸಬಾರದು ಎಂದು ಅಮ್ಮ ಚಿಕ್ಕಂದಿನಿಂದ ಕಲಿಸಿದ ಪಾಠ ಅದು. ಕ್ಯಾಸಂಬಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಈಗಲೂ ನಾನು ಹಾಗೇ. ಮುದ್ದೆ ತಿರುವುತ್ತಿರುವಾಗ ಅಮ್ಮ ಕೊಟ್ಟಿಗೆಯಿಂದ ಕರೆದರೆ ಕೋಲು ಬಿಟ್ಟು ಓಡುತ್ತೇನೆ, ಅಲ್ಲಿರುವಾಗ ಫೋನು ಬಡಿದರೆ ಬಕೆಟ್ ಬಿಟ್ಟು ಓಡುತ್ತೇನೆ, ಕೊನೆಗೆ ಮುದ್ದೆ ಗಂಟಾದದ್ದಕ್ಕೆ ಮನೆಯವರ ಮೇಲೆಲ್ಲ ಹರಿಹಾಯುತ್ತೇನೆ. ನನ್ನ ಪ್ರೋಗ್ರಾಮು ನನ್ನ ಹಾಗೇ ಹುಟ್ಟಿತ್ತು.

ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಯಂತ್ರ ನಿಧಾನವಾಗಿ ಓಡುತ್ತಿತ್ತು. ಈ ಸಲದ ಬೇಸಿಗೆಯಲ್ಲಿ ಮಜ್ಜಿಗೆ ಪ್ಯಾಕೆಟ್ಟಿಗೆ ಬೇಡಿಕೆ ಬಂದು ಮ್ಯಾನೇಜರ್ ವೇಗ ಏರಿಸಿದರು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಪ್ಯಾಕೆಟ್ಟಿನ ಮೇಲಿನ ಹಸುವಿನ ಚಿತ್ರ ನಡುವೆ ಕತ್ತರಿಸಿ, ಒಂದರಲ್ಲಿ ತಲೆ, ಇನ್ನೊಂದರಲ್ಲಿ ಬಾಲ ಬರತೊಡಗಿತು. ಅಂಟು ಸೋರಿತು. ದಿನಕ್ಕೆ ನಾಲ್ಕೈದು ಸಲ ಪೆಟ್ಟಿಗೆಯ ಕೆಂಪು ದೀಪ ಹತ್ತಿ ಯಂತ್ರ ತಾನಾಗಿ ನಿಂತಿತು. ನಿಧಾನ ಮಾಡಿದರೆ ಸಾಧುಪ್ರಾಣಿ, ಜೋರು ಮಾಡಿದರೆ ಹುಚ್ಚು.

ಯಂತ್ರ ನಡೆಸುವ ಆಪರೇಟರು ಕೆ.ಜಿ.ಎಫ್.ನ ಕೋರಮಂಡಲ್‌ನವಳು, ಮನೆಯಲ್ಲಿ ತಮಿಳು ಮಾತಾಡುವವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಸೋರಿದ ಮಜ್ಜಿಗೆಯಲ್ಲಿ ಅವಳ ಕಾಲಿನ ಗಂಬೂಟು ಪಚಪಚ ಅನ್ನುತ್ತಿತ್ತು. "ಅಕ್ಕಾ, ಪೋದುಂಕಾ! ಮಜ್ಜಿಗೆಲಿ ಸ್ನಾನ ಮಾಡಿ ಮಾಡಿ ಸಾಕಾಯ್ತು," ಎಂದು ಕೂಗುತ್ತಿದ್ದಳು.

ಸೋಮವಾರ ಮ್ಯಾನೇಜರ್ ಹೊರಗಿನಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಇಸ್ತ್ರಿ ಅಂಗಿಯ ಆತ ಲ್ಯಾಪ್‌ಟಾಪ್ ಚುಚ್ಚಿ, ಅರ್ಧ ಗಂಟೆ ನೋಡಿ, ಒಂದು ಸುತ್ತು ಎಂಟರ ಬದಲು ಎಂಬತ್ತು ದಾಟಿ ಹೋಗುತ್ತಿದೆ, ಕೆಲವೊಮ್ಮೆ ನೂರು ಮುಟ್ಟುತ್ತಿದೆ ಎಂದ. ನೂರರೊಳಗೆ ಸುತ್ತು ಮುಗಿಯದಿದ್ದರೆ ಪೆಟ್ಟಿಗೆ ತನಗೇ ತಲೆ ಕೆಟ್ಟಿದೆ ಎಂದು ತಿಳಿದು ಎಲ್ಲವನ್ನೂ ನಿಲ್ಲಿಸುತ್ತದೆ, ಕೆಂಪು ದೀಪ ಅದೇ. ಅಲ್ಲಿವರೆಗೆ ಸರಿಯಾಗಿಯೇ ಹೇಳಿದ. ಆಮೇಲೆ, "ಈ ಪಿ.ಎಲ್.ಸಿ. ಚಿಕ್ಕದಾಯ್ತು ಸರ್, ದೊಡ್ಡದು ಹಾಕೋಣ. ಪ್ರೋಗ್ರಾಂ ಹೊಸದಾಗಿ ನಾವೇ ಬರೀತೀವಿ. ಈ ಮೇಡಂ ಬರೆದಿರೋದು ಸ್ವಲ್ಪ ಹಳ್ಳಿ ಸ್ಟೈಲು," ಎಂದು ನಕ್ಕ.

"ಪೆಟ್ಟಿಗೆ ಚಿಕ್ಕದಲ್ಲ ಸರ್. ನನಗೆ ಶುಕ್ರವಾರದವರೆಗೆ ಟೈಮ್ ಕೊಡಿ," ಎಂದೆ. ಪೆಟ್ಟಿಗೆ ಚಿಕ್ಕದಲ್ಲ ಎಂದು ಯಾವ ಧೈರ್ಯದಲ್ಲಿ ಹೇಳಿದೆನೋ, ಆಗ ನನ್ನ ಬಳಿ ಸಿಟ್ಟು ಬಿಟ್ಟರೆ ಬೇರೆ ಆಧಾರವಿರಲಿಲ್ಲ.

ಮ್ಯಾನೇಜರ್ ಕೆಟ್ಟವರಲ್ಲ. "ನೋಡಮ್ಮಾ, ಶುಕ್ರವಾರ ಬೆಳಗಿನ ಶಿಫ್ಟು ಫುಲ್ ಸ್ಪೀಡಲ್ಲಿ ನಿಲ್ಲದೆ ಓಡಿದ್ರೆ ನಿಂದೇ ಪ್ರೋಗ್ರಾಂ ಇರಲಿ. ಇಲ್ಲಾಂದ್ರೆ ಕೀ ಇವರಿಗೆ ಕೊಟ್ಟು ನೀನು ಟೇಬಲ್‌ಗೆ ಹೋಗು. ಅದೂ ಕೆಲಸಾನೇ, ಬೇಜಾರು ಮಾಡ್ಕೋಬೇಡ," ಎಂದರು. ಅದೂ ಕೆಲಸವೇ, ನಿಜ. ಆದರೆ ಆ ಮೇಜಿನಿಂದ ಪ್ಯಾನೆಲ್ಲಿನ ಬಾಗಿಲಿಗೆ ಇರುವ ಇಪ್ಪತ್ತು ಹೆಜ್ಜೆ ನಡೆಯಲು ನನಗೆ ಒಂಬತ್ತು ವರ್ಷ ಹಿಡಿದಿತ್ತು. ವಾಪಸು ನಡೆಯುವ ಮನಸ್ಸು ನನಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಮನೆಯ ಜಗುಲಿಯಲ್ಲಿ ಪ್ರೋಗ್ರಾಮಿನ ಹಾಳೆಗಳನ್ನು ಹರಡಿಕೊಂಡು ಕೂತಿದ್ದೆ. ಪಕ್ಕದಲ್ಲಿ ಅಪ್ಪ ಮುದ್ದೆ ಉಣ್ಣುತ್ತಿದ್ದರು. ಅಪ್ಪನ ಬಗ್ಗೆ ಹೇಳಬೇಕು. ಚಿನ್ನದ ಗಣಿ ಮುಚ್ಚುವವರೆಗೂ ಅವರು ಕೋರಮಂಡಲ್‌ನಲ್ಲಿ ವೈಂಡಿಂಗ್ ಎಂಜಿನ್ ಡ್ರೈವರು. ಭೂಮಿಯೊಳಗೆ ಆಳಾಳಕ್ಕೆ ಜನರನ್ನು ಇಳಿಸಿ ಹತ್ತಿಸುವ ಕಬ್ಬಿಣದ ಪಂಜರಕ್ಕೆ ಕೇಜು ಎನ್ನುತ್ತಿದ್ದರು. ಅದರ ಹಗ್ಗ ಸುತ್ತುವ ಎಂಜಿನ್ನು ಮೇಲಿತ್ತು, ಅದರ ಹಿಡಿ ಅಪ್ಪನ ಕೈಯಲ್ಲಿತ್ತು. ಕೆಳಗಿನಿಂದ ಮಾತು ಬರುತ್ತಿರಲಿಲ್ಲ, ಗಂಟೆ ಬರುತ್ತಿತ್ತು. ಆ ಕೆಲಸದಿಂದ ಅಪ್ಪನಿಗೆ ಎರಡು ಉಳಿದವು. ಒಂದು, ಮಂದವಾದ ಎಡಗಿವಿ. ಇನ್ನೊಂದು, ನಮ್ಮ ಮನೆಯ ಗೋಡೆಯನ್ನೆಲ್ಲ ಹಾಳು ಮಾಡಿದ ಒಂದು ಚಾಳಿ.

"ಇಗೋ, ಅಗ್ಗ ಎಲ್ಲಿಕ್ಕುದ್ರಿ? ತಂದ್ಕೊಡಿ!" ಅಮ್ಮ ಕೊಟ್ಟಿಗೆಯಿಂದ ಕೂಗಿದಳು.

ಅಪ್ಪ ಮುದ್ದೆಯಿಂದ ತಲೆ ಎತ್ತಲಿಲ್ಲ. ಎಡಗೈಯಿಂದ ಜೇಬಿನ ಸೀಮೆಸುಣ್ಣ ತೆಗೆದು ಗೋಡೆಗೆ ಒಂದು ಗೀಟು ಎಳೆದರು. ಮತ್ತೆ ಸಾರಿಗೆ ಮುದ್ದೆ ಅದ್ದಿದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಬೇಲಿಯಾಚೆಯಿಂದ ನೀರಿನ ಪೈಪು ಕೇಳಿದರು. ಇನ್ನೊಂದು ಗೀಟು. ಮುದ್ದೆ ಮುಗಿಯಿತು, ಕೈ ತೊಳೆದರು, ಎದ್ದರು. ಮೊದಲ ಗೀಟು ಅಳಿಸಿ ಹಗ್ಗ ಕೊಟ್ಟು ಬಂದರು, ಎರಡನೆಯದು ಅಳಿಸಿ ಪೈಪು ಕೊಟ್ಟು ಬಂದರು. ನಾನು ಈ ನಾಟಕವನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅವತ್ತೂ ನನ್ನ ಮೂಗಿನ ತುದಿಗೆ ಕೋಪ ಬಂತು.

"ಕರೆದ್ರೆ ಎದ್ದೋಗಕ್ಕೆ ಏನಪ್ಪಾ ನಿಂಗೆ? ಗೋಡೆಗೆ ಯಾಕೆ ಬಳೀತೀಯಾ?"

"ಕರ್ದಿದ್ಕೆಲ್ಲ ಎದ್ದೋದ್ರೆ ಕೇಜು ಯಾರಮ್ಮಿ ಇಡ್ಕಂತಾರೆ?" ಎಂದರು ಅಪ್ಪ, ನನ್ನ ಸಿಟ್ಟು ಅವರಿಗೆ ತಾಗಲೇ ಇಲ್ಲ. "ಇಪ್ಪತ್ತು ಕಡೆಯಿಂದ ಗಂಟೆ ಒಡೀತಾರೆ. ಎಲ್ರಿಗೂ ಅರ್ಜೆಂಟೇ. ಗೀಟ್ ಆಕು, ಕೈಯಾಗಿರೋ ಕೇಜು ಮೊದ್ಲು ಮುಟ್ಸು, ಆಮೇಲೆ ವರ್ಸೆಯಾಗಿ ಓಗು. ಯಾವನ್ದೂ ತಪ್ಪಲ್ಲ. ನೀನು ಕೇಜ್ ನಡ್ಮದ್ಯ ಬುಟ್ಟು ಓಡೋಳು."

ಮಡಿಲಲ್ಲಿದ್ದ ಹಾಳೆ ನೋಡಿದೆ. ಯಂತ್ರ ಜೋರಾದಷ್ಟೂ ನಾಲ್ಕು ಸೆನ್ಸರುಗಳು ಜೋರಾಗಿ ಕೂಗುತ್ತವೆ. ಪ್ರತಿ ಕೂಗಿಗೂ ನನ್ನ ಪೆಟ್ಟಿಗೆ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತದೆ, ಅಲ್ಲಿ ಕೂತು ಉದ್ದನೆಯ ಲೆಕ್ಕ ಹಾಕುತ್ತದೆ, ವಾಪಸು ಬಂದು ಎರಡು ಸಾಲು ಓದುವಷ್ಟರಲ್ಲಿ ಇನ್ನೊಂದು ಕೂಗು. ಸುತ್ತು ಮುಗಿದರೆ ತಾನೇ ದವಡೆಗೆ ಮುಚ್ಚು ಎಂಬ ಮಾತು ತಲುಪುವುದು? ತಡವಾಗಿ ತಲುಪಿದ ಮಾತಿಗೆ ಹಸುವಿನ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಪೆಟ್ಟಿಗೆ ಚಿಕ್ಕದಾಗಿರಲಿಲ್ಲ. ನಾನು ಅದಕ್ಕೆ ನನ್ನ ಬುದ್ಧಿ ಕಲಿಸಿದ್ದೆ.

ಜಗುಲಿಯಲ್ಲಿ ಒಬ್ಬಳೇ ನಕ್ಕೆ. ಅಪ್ಪ ನನ್ನನ್ನು ಅನುಮಾನದಿಂದ ನೋಡಿ, ಕ್ಯಾಸಂಬಳ್ಳಿ ಕಡೆ ಹೊರಟುಹೋದರು.

ಬುಧವಾರ ಮಧ್ಯಾಹ್ನದೊಳಗೆ ಪ್ರೋಗ್ರಾಮು ಬದಲಿಸಿದೆ. ಯಾರು ಕೂಗಿದರೂ ಈಗ ಪೆಟ್ಟಿಗೆ ಮಾಡುವುದು ಇಷ್ಟೇ: ಎಷ್ಟು ಹೊತ್ತಿಗೆ ಕೂಗಿದರು ಎಂದು ಗುರುತು ಹಾಕಿಕೊಂಡು, ತಕ್ಷಣ ಬಿಟ್ಟ ಸಾಲಿಗೆ ವಾಪಸು. ಲೆಕ್ಕ, ತಿದ್ದುಪಡಿ ಎಲ್ಲ ಸುತ್ತಿನೊಳಗೇ, ವರಸೆಯ ಮೇಲೆ. ಸುತ್ತು ಚಿಕ್ಕದಾಗಿ, ಒಂದೇ ಸಮನಾಗಿದ್ದರೆ ಅಷ್ಟು ತಡ ಯಾರ ಗಮನಕ್ಕೂ ಬರುವುದಿಲ್ಲ. ಯಂತ್ರದ ವೇಗ ಏರಿಸಿದೆವು. ಒಂದು ಸುತ್ತಿಗೆ ಒಂಬತ್ತು ಮಿಲಿಸೆಕೆಂಡು, ಹತ್ತು, ಮತ್ತೆ ಒಂಬತ್ತು. ಹಸು ಇಡಿಯಾಗಿ ಬಂತು. ಸೂಪರ್‌ಕಾ ಎಂದು ಆಪರೇಟರು ಕುಣಿದಳು. ಎಂಜಿನಿಯರ್ ಹತ್ತಿರ ಬಂದು ಬಗ್ಗಿ ನೋಡಿದ. ನಾನು ಕೈ ಕಟ್ಟಿಕೊಂಡು ನಿಂತೆ.

ಆ ಕ್ಷಣಕ್ಕೇ ಒಂದು ಪ್ಯಾಕೆಟ್ಟು ದವಡೆಯ ನಡುವೆ ಸಿಕ್ಕಿತು. ಸೆನ್ಸರ್ ಕೂಗಿತು. ಪೆಟ್ಟಿಗೆ ವಿನಯದಿಂದ ಒಂದು ಗೀಟು ಹಾಕಿಕೊಂಡು, ತನ್ನ ಸರದಿ ಬರಲಿ ಎಂದು ಓದುವುದನ್ನು ಮುಂದುವರಿಸಿತು. ಆ ಸರದಿಯನ್ನು ನಾನು ಅಂಟಿಸುವ ಕೆಲಸದ ಹಿಂದೆ ಇಟ್ಟಿದ್ದೆ. ದವಡೆ ಇನ್ನೊಂದು ಸಲ ಕಚ್ಚಿತು. ಪ್ಯಾಕೆಟ್ಟು ಸಿಡಿದು ಮಜ್ಜಿಗೆ ಎಂಜಿನಿಯರನ ಇಸ್ತ್ರಿ ಅಂಗಿಗೂ ನನ್ನ ಮುಖಕ್ಕೂ ಸಮಪಾಲಾಯಿತು. ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡು, "ದೊಡ್ಡ ಪಿ.ಎಲ್.ಸಿ.ನೇ ತರಿಸೋಣ ಸರ್," ಎಂದ. ಮ್ಯಾನೇಜರ್ ನನ್ನ ದುಪಟ್ಟಾದ ಕೀಲಿಕೈ ಕಡೆ ನೋಡಿದರು.

ಸಂಜೆ ಸ್ಕೂಟರಿನಲ್ಲಿ ಮನೆಗೆ ಬಂದಾಗ ನನ್ನ ಮೈಯೆಲ್ಲ ಹುಳಿ ಮಜ್ಜಿಗೆಯ ವಾಸನೆ. ಅಳು ಬರುತ್ತಿತ್ತು, ಅಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಚ್ಚಲಲ್ಲಿ ನೀರು ಸುರಿದುಕೊಳ್ಳುತ್ತಾ ಚೆನ್ನಾಗಿ ಅತ್ತೆ. ಹೊರಗೆ ಬಂದರೆ ಅಪ್ಪ ಅದೇ ಜಾಗದಲ್ಲಿ, ಅದೇ ಮುದ್ದೆಯ ಮುಂದೆ. ಅಮ್ಮ ಬೂಸಾ ಕೇಳಿದಳು, ಗೀಟು ಬಿತ್ತು. ಬಕೆಟ್ ಕೇಳಿದಳು, ಗೀಟು ಬಿತ್ತು. ಈ ಗೀಟನ್ನು ನಂಬಿಯೇ ನಾನು ಕೆಟ್ಟೆ ಎಂದುಕೊಂಡು ಗೋಡೆಯನ್ನು ನುಂಗುವ ಹಾಗೆ ನೋಡುತ್ತಿದ್ದೆ.

ಆಗ ಅಮ್ಮ ಚೀರಿದಳು. ಮಾತಿಲ್ಲ, ಒಂದೇ ಒಂದು ಸದ್ದು.

ಅಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ತಟ್ಟೆಗೆ ಬಿತ್ತು. ಎಪ್ಪತ್ತಾರು ವರ್ಷದ ಮನುಷ್ಯ ಜಗುಲಿಯಿಂದ ನೇರ ಅಂಗಳಕ್ಕೆ ಹಾರಿದರು. ನಾನು ಹಿಂದೆಯೇ ಓಡಿದೆ. ಕರುವಿನ ಕುತ್ತಿಗೆಗೆ ಹಗ್ಗ ಉರುಳಾಗಿ ಅದು ನಾಲಿಗೆ ಚಾಚಿತ್ತು. ನಾನು ತಲುಪುವಷ್ಟರಲ್ಲಿ ಅಪ್ಪ ಎಂಜಲು ಕೈಯಲ್ಲೇ ಗಂಟು ಸಡಿಲಿಸಿ, ಅದರ ಗಂಟಲು ನೀವುತ್ತಿದ್ದರು. ಕರು ಎದ್ದು ನಿಂತು, ಏನೂ ಆಗೇ ಇಲ್ಲ ಎಂಬಂತೆ ಅವರ ಅಂಗಿ ನೆಕ್ಕಿತು.

"ಇದಕ್ಕೆ ಗೀಟ್ ಹಾಕ್ಲಿಲ್ವಲ್ಲಪ್ಪಾ," ಎಂದೆ, ಏದುಸಿರಿನಲ್ಲಿ.

ಅಪ್ಪ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಕೇಜ್ ಓಡೋವಾಗ ಒಂದ್ ಗಂಟೆ ಬಿತ್ತು ಅಂದ್ರೆ ನಿಲ್ಸು ಅಂತ ಅರ್ಥ ಕಣಮ್ಮಿ. ಯಾಕೆ ಏನು ಅಂತ ಕೇಳಂಗಿಲ್ಲ. ಅದುಕ್ಕೆಂತಾ ಗೀಟು? ನಿಲ್ಸು, ಅಷ್ಟೇ. ಮಿಕ್ಕಿದ್ದೆಲ್ಲ ಆಮೇಲೆ ನೋಡ್ಕಂಬೋದು."

ನಾನು ಅವರಿಗೆ ಏನೂ ಹೇಳಲಿಲ್ಲ. ಎರಡು ಸಲ ಮುಖಭಂಗವಾದ ಮೇಲೆ ಮೂರನೆಯ ಸಲಕ್ಕೆ ಮುಂಚೆ ಬಾಯಿ ಮುಚ್ಚಿಕೊಂಡಿರುವುದು ವಾಸಿ ಅನ್ನಿಸಿತು.

ಗುರುವಾರ ಮೂರು ಸೆನ್ಸರುಗಳನ್ನು ಗೀಟಿನಲ್ಲೇ ಬಿಟ್ಟೆ. ನಾಲ್ಕನೆಯದಕ್ಕೆ, ದವಡೆಯಲ್ಲಿ ಸಿಕ್ಕಿಬಿದ್ದದ್ದನ್ನು ಹೇಳುವ ಸೆನ್ಸರಿಗೆ, ಅಪ್ಪನ ‘ನಿಲ್ಸು’ ಗಂಟೆಯ ಮರ್ಯಾದೆ ಕೊಟ್ಟೆ. ಅದು ಕೂಗಿದರೆ ಪೆಟ್ಟಿಗೆ ಸುತ್ತಿನ ಕೊನೆಗೆ ಕಾಯದೆ, ಇದ್ದಲ್ಲಿಂದಲೇ ದವಡೆಯನ್ನು ತೆರೆಯಬೇಕು. ತೆರೆಯುವುದು ಮಾತ್ರ. ಯಾಕೆ ಸಿಕ್ಕಿತು, ಯಾವ ಪ್ಯಾಕೆಟ್ಟು, ಆ ವಿಚಾರಣೆಗೆಲ್ಲ ಗೀಟು. ಬರೆದು ನೋಡಿದರೆ ಅದು ಎರಡೇ ಸಾಲು. ಹಿಂದೆ ಅದೇ ಜಾಗದಲ್ಲಿ ನಾನು ಒಂದು ಪುಟ ತುಂಬಿಸಿದ್ದೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಯಂತ್ರ ಶುರುವಾಯಿತು, ಫುಲ್ ಸ್ಪೀಡು. ಮ್ಯಾನೇಜರ್ ಒಂದು ಕಡೆ, ಬೇರೆ ಅಂಗಿಯ ಎಂಜಿನಿಯರ್ ಇನ್ನೊಂದು ಕಡೆ, ಈ ಸಲ ಸ್ವಲ್ಪ ದೂರದಲ್ಲೇ ನಿಂತಿದ್ದ. ಲ್ಯಾಪ್‌ಟಾಪಿನಲ್ಲಿ ಅಂಕಿ ಒಂಬತ್ತು, ಹತ್ತು, ಒಂಬತ್ತು. ಏಳು ಗಂಟೆ, ಎಂಟು. ಎಂಟೂವರೆಗೆ ಮ್ಯಾನೇಜರ್ ಒಂದು ಕೆಲಸ ಮಾಡಿದರು. ನನಗೆ ಹೇಳದೆ, ಖಾಲಿ ಪ್ಯಾಕೆಟ್ಟೊಂದನ್ನು ಮಡಚಿ, ಉದ್ದನೆಯ ಕಡ್ಡಿಯ ತುದಿಗೆ ಸಿಕ್ಕಿಸಿ ದವಡೆಗೆ ಕೊಟ್ಟರು.

ದವಡೆ ಮುಟ್ಟಿತು, ತಕ್ಷಣ ತೆರೆಯಿತು, ಯಂತ್ರ ನಿಂತಿತು. ಕಡ್ಡಿ ಹಾಗೇ ಹೊರಬಂತು. ಪ್ಯಾಕೆಟ್ಟಿನ ಮೇಲೆ ಹಲ್ಲಿನ ಗುರುತೂ ಸರಿಯಾಗಿ ಮೂಡಿರಲಿಲ್ಲ. ಆಪರೇಟರು ಗುಂಡಿ ಒತ್ತಿದಳು, ಯಂತ್ರ ಮತ್ತೆ ಓಡಿತು. ಬೇಕೆಂದೇ ನಿಲ್ಲಿಸಿದ್ದು ಲೆಕ್ಕಕ್ಕಿಲ್ಲ ಎಂದರು ಮ್ಯಾನೇಜರ್.

ಶಿಫ್ಟಿನ ಕೊನೆಯವರೆಗೂ ಕೆಂಪು ದೀಪ ಹತ್ತಲಿಲ್ಲ. ಕೊನೆಯ ಕ್ರೇಟು ಹೋದ ಮೇಲೆ ಎಂಜಿನಿಯರ್ ಇಡೀ ಶಿಫ್ಟಿನ ಅತಿ ದೊಡ್ಡ ಸುತ್ತು ಎಷ್ಟೆಂದು ತೆಗೆದು ನೋಡಿದ. ಹನ್ನೊಂದು. ಲ್ಯಾಪ್‌ಟಾಪ್ ಮುಚ್ಚಿದ. ಆಮೇಲೆ, "ಮೇಡಂ, ಈ ಪ್ರೋಗ್ರಾಂ ಒಂದು ಸಲ ಓದಕ್ಕೆ ಕೊಡ್ತೀರಾ?" ಎಂದು ಕೇಳಿದ. ದೊಡ್ಡ ಮನುಷ್ಯನೇ, ಇಲ್ಲ ಅನ್ನುವುದಿಲ್ಲ. ಕೊಟ್ಟೆ. ಹಳ್ಳಿ ಸ್ಟೈಲು ಸರ್, ಸ್ವಲ್ಪ ನಿಧಾನವಾಗಿ ಓದಿ, ಎಂದು ಸೇರಿಸುವುದನ್ನು ಮಾತ್ರ ಮರೆಯಲಿಲ್ಲ. ಆಪರೇಟರು ನನ್ನನ್ನು ತಬ್ಬಿಕೊಂಡು ಎರಡು ಸುತ್ತು ತಿರುಗಿಸಿದಳು. ಮ್ಯಾನೇಜರ್ ಮೊಸರಿನ ಯಂತ್ರದ ಪ್ಯಾನೆಲ್ಲಿನ ಕೀಲಿಕೈಯನ್ನೂ ತಂದು ನನ್ನ ಅಂಗೈಯಲ್ಲಿಟ್ಟರು. "ಅದಕ್ಕೂ ನೀನೇ ಬರಿ," ಎಂದರು.

ಎರಡು ಕೀಲಿಕೈಗಳನ್ನು ಪಿನ್ನಿನಲ್ಲಿ ಕಿಣಿಕಿಣಿ ಅನ್ನಿಸುತ್ತಾ ಸ್ಕೂಟರ್ ಓಡಿಸಿದೆ. ದಾರಿಯುದ್ದಕ್ಕೂ ಅಪ್ಪನಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿದೆ. ಮನೆ ತಲುಪಿದಾಗ ಅವರು ಮಧ್ಯಾಹ್ನದ ಊಟಕ್ಕೆ ಕೂತು ಅರ್ಧ ಮುದ್ದೆ ಮುಗಿಸಿದ್ದರು. ಜೋಡಿಸಿದ್ದೆಲ್ಲ ಮರೆತು, ಗೇಟಿನಿಂದಲೇ, "ಅಪ್ಪಾ, ಗೆದ್ದೆ! ನಿನ್ನ ಗೀಟು ಹಾಕಿ ಗೆದ್ದೆ! ನಿನ್ನ ‘ನಿಲ್ಸು’ ಗಂಟೇನೂ ಬಿಟ್ಟಿಲ್ಲ!" ಎಂದು ಕೂಗಿದೆ.

ಅಪ್ಪನ ಎಡಗೈ ಅಭ್ಯಾಸದಂತೆ ಜೇಬಿಗೆ ಹೋಯಿತು. ಸೀಮೆಸುಣ್ಣ ಹೊರಬಂತು. ಸರಿ, ನನಗೂ ಒಂದು ಗೀಟು, ಮುದ್ದೆ ಮುಗಿಯುವವರೆಗೆ ಕಾಯಬೇಕು ಎಂದು ನಗುತ್ತಾ ಸ್ಕೂಟರಿನ ಸ್ಟ್ಯಾಂಡ್ ಹಾಕಿದೆ.

ತಲೆ ಎತ್ತಿದಾಗ ಸೀಮೆಸುಣ್ಣ ಜಗುಲಿಯ ಮೇಲೆ ಬಿದ್ದಿತ್ತು. ಗೋಡೆ ಖಾಲಿ ಇತ್ತು. ಅಪ್ಪ ಎಂಜಲು ಕೈಯಲ್ಲೇ ಅಂಗಳಕ್ಕಿಳಿದು ನನ್ನ ಕಡೆ ಬರುತ್ತಿದ್ದರು.

"ಮುದ್ದೆ ಆರೋಗ್ತದೆ ಕಣ್ರೀ!" ಎಂದು ಅಮ್ಮ ಒಳಗಿನಿಂದ ಕೂಗಿದಳು.

"ಆರ್ಲಿ ಬುಡು," ಎಂದರು ಅಪ್ಪ.